ಆಹಾರಶುದ್ಧಿ ಮತ್ತು ಬಸ್ಸಾರಿನ ಪಾತ್ರೆ

ಆಹಾರ ಶುದ್ಧವಾದರೆ ಅಂತಃಕರಣವೂ ಶುದ್ಧವಾಗುತ್ತದೆ ಎಂಬ ಛಾಂದೋಗ್ಯ ಉಪನಿಷತ್ತಿನ ನಿಲುವನ್ನು ಆಚಾರ್ಯರು ಒಂದೇ ಬಗೆಯಲ್ಲಿ ಗ್ರಹಿಸಲಿಲ್ಲ. ಶಂಕರರ ಪ್ರಕಾರ ಇಂದ್ರಿಯಗಳು ಒಳಗೆಳೆದುಕೊಳ್ಳುವ ಶಬ್ದಸ್ಪರ್ಶಾದಿಗಳೂ ಆಹಾರವೇ, ಅವುಗಳ ಅರಿವು ರಾಗದ್ವೇಷಗಳಿಂದ ಬಿಡುಗಡೆ ಹೊಂದುವುದೇ ಶುದ್ಧಿ. ಮೇಲುಕೋಟೆಯಲ್ಲಿ ನೆಲೆಸಿದ್ದ ರಾಮಾನುಜರಾದರೋ ಉಣ್ಣುವ ಅನ್ನವನ್ನೇ ಹಿಡಿದು ಮೂರು ದೋಷಗಳನ್ನು ಹೇಳಿದರು: ಬೆಳ್ಳುಳ್ಳಿಯಂಥ ಪದಾರ್ಥದ ಸ್ವಭಾವದಿಂದ ಬರುವ ಜಾತಿದೋಷ, ಯಾರಿಂದ ಬಂದಿತೋ ಆ ವ್ಯಕ್ತಿಯಿಂದ ತಗಲುವ ಆಶ್ರಯದೋಷ, ಕೂದಲು ಕಸ ಬಿದ್ದು ಉಂಟಾಗುವ ನಿಮಿತ್ತದೋಷ.

ಮದ್ದೂರು ತಾಲ್ಲೂಕಿನ ಚಿಕ್ಕರಸಿನಕೆರೆಯ ಸುತ್ತಣ ಒಕ್ಕಲು ಮನೆಗಳ ಅಡುಗೆ ಈ ಎಣಿಕೆಗೆ ಒಗ್ಗುವುದಿಲ್ಲ. ಮುದ್ದೆಗೆ ಜೊತೆಯಾಗುವ ಬಸ್ಸಾರಿನಲ್ಲಿ ಸೊಪ್ಪು ಕಾಳುಗಳನ್ನು ಬೇಯಿಸಿ ಬಸಿದ ನೀರನ್ನು ಚೆಲ್ಲದೆ, ಬೆಂದದ್ದರಲ್ಲೇ ಒಂದು ಹಿಡಿಯನ್ನು ತೆಗೆದು ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಮೆಣಸಿನಕಾಯಿ, ಹುಣಸೆಹಣ್ಣಿನೊಡನೆ ರುಬ್ಬಿ ಆ ಕಟ್ಟಿಗೇ ಬೆರೆಸಿ ಕುದಿಸುತ್ತಾರೆ. ಉಳಿದ ಸೊಪ್ಪು ಕಾಳು ಒಗ್ಗರಣೆ ಕಂಡು ಪಲ್ಯವಾಗುತ್ತದೆ. ಮಳೆ ಬಿದ್ದಾಗ ಬದುವಿನ ಅಣ್ಣೆಸೊಪ್ಪು, ಚಳಿ ಬಿದ್ದಾಗ ಸೊಗಡಿನ ಅವರೆಕಾಯಿ, ಸಂಕ್ರಾಂತಿಗೆ ಬೇಯಿಸಿದ ಗೆಣಸು ಹೀಗೆ ಕಾಲವೇ ಅಡುಗೆಯನ್ನು ನಿರ್ಧರಿಸುತ್ತಿದ್ದುದರಿಂದ, ಬೇಕೆನಿಸಿದ್ದನ್ನೆಲ್ಲ ಬೇಕೆನಿಸಿದಾಗ ಉಣ್ಣುವ ಹಂಬಲಕ್ಕೆ ಅಲ್ಲಿ ಎಡೆಯೇ ಇರಲಿಲ್ಲ. ಜಾತಿದೋಷದ ಪಟ್ಟಿಯಲ್ಲಿರುವ ಬೆಳ್ಳುಳ್ಳಿಯನ್ನು ಧಾರಾಳವಾಗಿ ಬಳಸುವ ಈ ಪಾತ್ರೆ, ಶಂಕರರು ಹೇಳಿದ ಸಂಯಮಕ್ಕೆ ಹತ್ತಿರವಾಗಿದೆ ಎಂಬುದನ್ನು ಗಂಭೀರವಾಗಿ ಪರಿಗಣಿಸಬೇಕು.

ಆಶ್ರಯದೋಷದ ಕಲ್ಪನೆ ಪಂಕ್ತಿಭೇದಕ್ಕೆ ಆಸರೆಯಾಗಿ ಮನುಷ್ಯರನ್ನು ನೋಯಿಸಿತು. ಹನ್ನೆರಡನೆಯ ಶತಮಾನದ ಶರಣರು ಅದಕ್ಕೆ ಕೊಟ್ಟ ಉತ್ತರ ಪ್ರಸಾದತತ್ತ್ವ. ಲಿಂಗಕ್ಕೆ ಅರ್ಪಿತವಾಗುವವರೆಗೆ ಉಣ್ಣುವುದು ಬರಿಯ ಪದಾರ್ಥ, ಅರ್ಪಿತವಾದ ಮೇಲೆ ಪ್ರಸಾದ, ಅದನ್ನು ಚೆಲ್ಲುವಂತಿಲ್ಲ. ಈ ತತ್ತ್ವದ ಅತ್ಯಂತ ಸೂಕ್ಷ್ಮವಾದ ಪರೀಕ್ಷೆ ಆಯ್ದಕ್ಕಿ ಲಕ್ಕಮ್ಮನ ಕಥೆಯಲ್ಲಿದೆ: ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಅದು ದಾಸೋಹಕ್ಕೇ ಸಲ್ಲುವುದಾದರೂ ಮಿಗಿಲಾದ ಅಕ್ಕಿಯನ್ನು ಅಲ್ಲಿಯೇ ಸುರಿದು ಬರುವಂತೆ ಆಕೆ ಗಂಡನನ್ನು ಕಳುಹಿಸಿದಳು. ಅಲ್ಲಿ ದೋಷ ಅಕ್ಕಿಯಲ್ಲೂ ಇರಲಿಲ್ಲ, ತಂದವನ ಹುಟ್ಟಿನಲ್ಲೂ ಇರಲಿಲ್ಲ, ಅಳತೆ ಮೀರಿದ ಆಸೆಯಲ್ಲಿತ್ತು.

ಮೂರನೆಯದಾದ ನಿಮಿತ್ತದೋಷವನ್ನು ಈಗ ಅಡುಗೆಮನೆಯಲ್ಲಿ ಹುಡುಕಿದರೆ ಸಾಲದು. 1930ರ ದಶಕದಲ್ಲಿ ವಿಶ್ವೇಶ್ವರಯ್ಯ ನಾಲೆಯ ನೀರೂ 1933ರಲ್ಲಿ ಮಂಡ್ಯದ ಮೈಸೂರು ಸಕ್ಕರೆ ಕಂಪನಿಯೂ ಬಂದ ಮೇಲೆ ಈ ಸೀಮೆಗೆ ಅನ್ನ ಮತ್ತು ಹಣ ದಕ್ಕಿದ್ದು ಸಣ್ಣ ಮಾತಲ್ಲ. ಆದರೆ ರಾಗಿಯ ನಡುವೆ ಅವರೆ, ತೊಗರಿ, ಹುಚ್ಚೆಳ್ಳುಗಳನ್ನು ಬೆಳೆಯುವ ಅಕ್ಕಡಿ ಸಾಲಿಗೆ ಕಬ್ಬಿನ ಗದ್ದೆಯಲ್ಲಿ ಜಾಗವಿಲ್ಲ, ಕಳೆನಾಶಕ ಸಿಂಪಡಿಸಿದ ಬದುವಿನಲ್ಲಿ ಅಣ್ಣೆಸೊಪ್ಪು ಏಳುವುದಿಲ್ಲ, ಎದ್ದರೂ ಅದನ್ನು ಕೊಯ್ದು ತಂದು ನಂಬಿಕೆಯಿಂದ ಬೇಯಿಸುವಂತಿಲ್ಲ. ಎಷ್ಟು ತೊಳೆದರೂ ಹೋಗದ ಈ ದೋಷಕ್ಕೆ ಪ್ರಾಯಶ್ಚಿತ್ತವನ್ನು ಉಣ್ಣುವವನೊಬ್ಬನೇ ಮಾಡಿಕೊಳ್ಳಲಾರ. ಆದುದರಿಂದ ಆಹಾರಶುದ್ಧಿಯ ಚರ್ಚೆ ಪಂಕ್ತಿಯಿಂದೆದ್ದು ಬದುವಿನವರೆಗೆ ಹೋಗಬೇಕಾಗಿದೆ, ಅಕ್ಕಡಿ ಸಾಲು ಇನ್ನೂ ಉಳಿದಿರುವ ಮಳೆಯಾಶ್ರಿತ ಬೆದ್ದಲು ಹೊಲಗಳೇ ಅದಕ್ಕೆ ಮೊದಲ ಪಾಠಶಾಲೆ.