ಸೂಜಿಯೂ ಬೆಕ್ಕೂ

‘ಕೌಪೀನ ಸಂರಕ್ಷಣಾರ್ಥಂ ಅಯಂ ಪಟಾಟೋಪಃ’ ಎಂಬ ಮಾತು ಸಂಸ್ಕೃತದ್ದಾದರೂ ಕನ್ನಡದ ಮನೆಗಳಲ್ಲಿ ಗಾದೆಯಂತೆಯೇ ಓಡಾಡುತ್ತದೆ. ಅದರ ಬೆನ್ನಿಗಿರುವ ಕಥೆಯೂ ಗೊತ್ತಿರುವಂಥದ್ದೇ. ಸನ್ಯಾಸಿಯ ಲಂಗೋಟಿಯನ್ನು ಇಲಿ ಕಡಿಯಿತು. ಇಲಿಗೆಂದು ಬೆಕ್ಕು ಬಂತು, ಬೆಕ್ಕಿನ ಹಾಲಿಗೆಂದು ಹಸು, ಹಸುವಿನ ಮೇವಿಗೆಂದು ಗದ್ದೆ, ಗದ್ದೆಗೆ ಆಳು, ಇಷ್ಟನ್ನೂ ನೋಡಿಕೊಳ್ಳಲು ಹೆಂಡತಿ. ಗುರು ಬಂದು ಇದೇನಿದೆಲ್ಲ ಎಂದಾಗ ಶಿಷ್ಯ ಕೊಟ್ಟ ಉತ್ತರವೇ ಈ ಗಾದೆ. ಕೊಡಗಿನ ಅಮ್ಮತ್ತಿ, ಸಿದ್ದಾಪುರ, ವಿರಾಜಪೇಟೆ ಕಡೆಯಿಂದ ಕಾಫಿ ಕುಯ್ಲು ಮುಗಿಸಿ, ಮೂರೋ ನಾಲ್ಕೋ ತಿಂಗಳು ಹೊರದೇಶದ ಆಶ್ರಮವೊಂದರಲ್ಲಿ ಇದ್ದು ಬರಲು ಹೊರಟವರ ಮುಂದೆ ಸೂಟ್‌ಕೇಸು ತೆರೆದುಕೊಂಡಾಗ ಈ ಗಾದೆಯನ್ನು ಯಾರಾದರೂ ನೆನಪಿಸುತ್ತಾರೆ; ಅದರ ಅರ್ಥ ‘ಸಾಮಾನು ಕಮ್ಮಿ ಮಾಡಿ’ ಎಂದಷ್ಟೇ ಎಂದುಕೊಳ್ಳುತ್ತಾರೆ. ನನಗೆ ಈ ಅರ್ಥ ಸಾಲದು ಅನ್ನಿಸುತ್ತದೆ. ಗಾದೆ ಎಣಿಸುತ್ತಿರುವುದು ವಸ್ತುಗಳನ್ನಲ್ಲ. ಒಂದು ವಸ್ತು ಬಂದದ್ದು ಯಾರ ಸೇವೆಗೆ ಎಂಬುದನ್ನು ಅದು ಕೇಳುತ್ತಿದೆ.

ಮೊದಲು ಪದವನ್ನೇ ನೋಡೋಣ. ಕೌಪೀನ ಎಂಬುದನ್ನು ಪಾಣಿನಿ ‘ಕೂಪ’ ಎಂಬ ಶಬ್ದದಿಂದ ಸಾಧಿಸುತ್ತಾನೆ. ಬಾವಿಗೆ ಹಾಕಿ ಮುಚ್ಚಬೇಕಾದದ್ದು, ಮರೆಮಾಡಬೇಕಾದದ್ದು ಎಂಬ ಅರ್ಥ ಮೊದಲು. ಮರೆಮಾಡುವ ಬಟ್ಟೆ ಎಂಬುದು ಆಮೇಲೆ ಬಂದದ್ದು. ಅಂದರೆ ಈ ತುಂಡು ಬಟ್ಟೆ ಇರುವುದು ನಾಲ್ಕು ಜನರ ನಡುವೆ ಬದುಕಬೇಕಾದ ಮರ್ಯಾದೆಗೆ. ಜೈನ ಪರಂಪರೆಯಲ್ಲಿ ಇದರ ಸ್ಥಾನ ಇನ್ನೂ ಸ್ಪಷ್ಟ: ಕ್ಷುಲ್ಲಕನಿಗೆ ಕೌಪೀನದ ಜೊತೆ ಮೇಲೊಂದು ವಸ್ತ್ರ, ಐಲಕನಿಗೆ ಕೌಪೀನ ಮಾತ್ರ, ದಿಗಂಬರ ಮುನಿಗೆ ಅದೂ ಇಲ್ಲ. ಆದರೆ ಶ್ರವಣಬೆಳಗೊಳದಲ್ಲಿ ಕಾಣುವ ಆ ಮುನಿಯ ಕೈಯಲ್ಲೂ ನವಿಲುಗರಿಯ ಪಿಂಛಿ ಇದೆ, ಕಮಂಡಲು ಇದೆ. ಕೂರುವ ಜಾಗದ ಹುಳುಹುಪ್ಪಟೆಯನ್ನು ನೋವಾಗದಂತೆ ಸರಿಸಲು ಒಂದು, ಶೌಚದ ನೀರಿಗೆ ಇನ್ನೊಂದು. ಎಲ್ಲ ಬಿಟ್ಟವನೂ ಎರಡನ್ನು ಉಳಿಸಿಕೊಂಡಿದ್ದಾನೆ ಎಂದ ಮೇಲೆ, ಗಾದೆ ವಸ್ತುವಿನ ಮೇಲೇ ಮುನಿದಿದೆ ಎಂದು ಹೇಳುವುದು ಕಷ್ಟ.

ಬೌದ್ಧರ ಪಾಲಿ ಪರಂಪರೆ ಭಿಕ್ಷುವಿಗೆ ಎಂಟು ಪರಿಕರಗಳನ್ನು ಹೇಳುತ್ತದೆ: ಮೂರು ಚೀವರ, ಭಿಕ್ಷಾಪಾತ್ರೆ, ಸೊಂಟದ ಪಟ್ಟಿ, ಕ್ಷೌರದ ಕತ್ತಿ, ಸೂಜಿ, ನೀರು ಸೋಸುವ ಬಟ್ಟೆ. ಈ ಪಟ್ಟಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಸೂಜಿ. ಚೀವರ ಹರಿದರೆ ಇನ್ನೊಂದು ಚೀವರ ಬೇಕಾಗದಂತೆ ಅದು ತಡೆಯುತ್ತದೆ. ತನಗೆಂದು ಏನನ್ನೂ ಬೇಡದೆ, ಮುಂದಿನ ಬೇಡಿಕೆಯನ್ನೂ ಅಲ್ಲಿಗೇ ನಿಲ್ಲಿಸಿಬಿಡುವ ವಸ್ತು ಸೂಜಿ. ಬೆಕ್ಕು ಹಾಗಲ್ಲ. ಇಲಿಯ ಕಾಟ ತಪ್ಪಿಸುತ್ತದೆ ನಿಜ, ಆದರೆ ಬಂದ ದಿನವೇ ಹಾಲು ಕೇಳುತ್ತದೆ. ಹರಿದ ಕೌಪೀನಕ್ಕೆ ಸನ್ಯಾಸಿ ಸೂಜಿ ಹಿಡಿದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಪ್ರಯಾಣದ ಪೆಟ್ಟಿಗೆಯಲ್ಲಿ ಇರುವುದೂ ಈ ಎರಡೇ ಜಾತಿ.

ಕೊಡಗಿನವರಿಗೆ ಬಿಡಲಾಗದ ಕಾಫಿಯನ್ನೇ ತೆಗೆದುಕೊಳ್ಳಿ. ತೋಟದ್ದೇ ರೊಬಸ್ಟಾ ಹುರಿದು ಮಾಡಿಸಿದ ಪುಡಿಯ ಪೊಟ್ಟಣ ಮೊದಲು ಪೆಟ್ಟಿಗೆಗೆ ಇಳಿಯುತ್ತದೆ. ಪುಡಿ ಹೋದಲ್ಲಿ ಫಿಲ್ಟರೂ ಹೋಗಬೇಕು: ತಳದಲ್ಲಿ ಸಣ್ಣ ತೂತುಗಳಿರುವ ಮೇಲಿನ ಪಾತ್ರೆ, ಪುಡಿಯನ್ನು ಅದುಮುವ ಹಿಡಿಯುಳ್ಳ ಬಿಲ್ಲೆ, ಡಿಕಾಕ್ಷನ್ ತೊಟ್ಟಿಕ್ಕುವ ಕೆಳಗಿನ ಪಾತ್ರೆ, ಮುಚ್ಚಳ. ನೀರು ಕುದಿಯಲು ಕೆಟಲ್. ಇಲ್ಲಿಯ ಕೆಟಲ್ 230 ವೋಲ್ಟಿನದು, ಅಮೆರಿಕದ ಗೋಡೆಯಲ್ಲಿ ಬರುವುದು 120. ಅಲ್ಲಿ ಅದು ಕಾಲು ಪಾಲಿಗಿಂತ ಸ್ವಲ್ಪ ಹೆಚ್ಚು ಕಾವು ಕೊಟ್ಟೀತು, ಅಷ್ಟೆ. ಆಗ ವೋಲ್ಟೇಜ್ ಏರಿಸುವ ಟ್ರಾನ್ಸ್‌ಫಾರ್ಮರ್ ನೆನಪಾಗುತ್ತದೆ, ಒಳಗೆಲ್ಲ ಕಬ್ಬಿಣ, ತಾಮ್ರ. ವಿಮಾನದವರು ಸಾಮಾನ್ಯವಾಗಿ ಒಂದು ಪೆಟ್ಟಿಗೆಗೆ ಕೊಡುವ 23 ಕೆಜಿಯಲ್ಲಿ ಇದಕ್ಕೇ ಒಂದು ಪಾಲು ಹೋಗುತ್ತದೆ. ಮುಂದೆ ಹಾಲು, ಹಾಲಿಡಲು ತಣ್ಣನೆಯ ಜಾಗ, ಕೋಣೆಯಲ್ಲಿ ಬಿಸಿ ಮಾಡಲು ಆಶ್ರಮದವರ ಒಪ್ಪಿಗೆ. ಬೆಳಗಿನ ಧ್ಯಾನದ ಗಂಟೆ ಹೊಡೆದಾಗ ಮನಸ್ಸು ಇನ್ನೂ ಇಳಿಯದ ಡಿಕಾಕ್ಷನ್ನಿನಲ್ಲಿರುತ್ತದೆ.

ಇದಕ್ಕೊಂದು ಗಟ್ಟಿಯಾದ ಆಕ್ಷೇಪವಿದೆ. ತ್ಯಾಗ ಮನಸ್ಸಿನದು, ಪೆಟ್ಟಿಗೆಯದಲ್ಲ. ಜನಕ ಮಹಾರಾಜ ಅರಮನೆಯಲ್ಲಿದ್ದೇ ಜ್ಞಾನಿಯಾಗಿರಲಿಲ್ಲವೇ ಎಂದು ಕೇಳಬಹುದು. ತತ್ತ್ವವಾಗಿ ಒಪ್ಪತಕ್ಕದ್ದೇ. ಆದರೆ ನಮಗೆ ಇನ್ನೂ ಹತ್ತಿರದ ಸಾಕ್ಷಿಯೊಂದಿದೆ. 1892ರಲ್ಲಿ ಮೈಸೂರಿಗೆ ಬಂದಿದ್ದ ವಿವೇಕಾನಂದರನ್ನು ದಿವಾನ್ ಶೇಷಾದ್ರಿ ಅಯ್ಯರ್ ತಮ್ಮ ಕಾರ್ಯದರ್ಶಿಯೊಡನೆ ಪೇಟೆಗೆ ಕಳಿಸಿ, ಸಾವಿರ ರೂಪಾಯಿಯಾದರೂ ಸರಿ, ಬೇಕಾದದ್ದನ್ನು ಕೊಡಿಸಿ ಎಂದಿದ್ದರು. ಸ್ವಾಮೀಜಿ ಅಂಗಡಿಗಳನ್ನೆಲ್ಲ ಮಗುವಿನಂತೆ ನೋಡಿ ಸಂತೋಷಪಟ್ಟು ಕೊಡಿಸಿಕೊಂಡದ್ದು ಒಂದು ಒಳ್ಳೆಯ ಚುಟ್ಟ. ಮರುವರ್ಷ ಮೇ 31ರಂದು ಮುಂಬಯಿಯಲ್ಲಿ ಹಡಗು ಹತ್ತಿದಾಗ ಅವರ ಜೊತೆ ಸಾಮಾನಿತ್ತು. ಜುಲೈ 10ರಂದು ಜಪಾನಿನ ಯೊಕೊಹಾಮಾದಿಂದ ಬರೆದ ಪತ್ರದಲ್ಲಿ ಅವರು ಹೇಳಿಕೊಂಡದ್ದು, ವಸ್ತುಗಳನ್ನು ಇಟ್ಟುಕೊಂಡು ನೋಡಿಕೊಳ್ಳುವ ಬದುಕು ತಮಗೆ ಹೊಸದು, ಅದು ತಮ್ಮ ಶಕ್ತಿಯನ್ನೆಲ್ಲ ನುಂಗುತ್ತಿದೆ ಎಂದು. ಚುಟ್ಟ ಒಂದೇ ಸಾಕೆಂದ ಆ ಮನಸ್ಸಿಗೂ ಪೆಟ್ಟಿಗೆಗಳು ಭಾರವಾದವು. ಅವರಿಗೇ ಹಾಗಾದರೆ, ನಮ್ಮಂಥವರು ಜನಕನ ಹೆಸರು ಹೇಳಿ ನಾಲ್ಕನೆಯ ಚೀಲಕ್ಕೆ ಕೈಹಾಕುವುದು ಸರಿಯಲ್ಲ.

ಅದೇ ಪ್ರಯಾಣ ಇನ್ನೊಂದು ಆಕ್ಷೇಪಕ್ಕೂ ಎಡೆ ಕೊಡುತ್ತದೆ. ಜುಲೈ ಕೊನೆಗೆ ಷಿಕಾಗೊ ತಲುಪಿದ ಸ್ವಾಮೀಜಿಗೆ ಸರ್ವಧರ್ಮ ಸಮ್ಮೇಳನ ಸೆಪ್ಟೆಂಬರಿನವರೆಗೆ ಇಲ್ಲವೆಂದು ತಿಳಿಯಿತು. ಕೈಯಲ್ಲಿದ್ದ ಹಣ ಕರಗುತ್ತಿತ್ತು. ಬರಲಿರುವ ಚಳಿಗೆ ಬೆಚ್ಚನೆಯ ಬಟ್ಟೆ ಇರಲಿಲ್ಲ. ಆಗಸ್ಟ್ 20ರಂದು ಅವರು ಈ ಸಂಕಟವನ್ನು ಬರೆದದ್ದು ಅಳಸಿಂಗ ಪೆರುಮಾಳರಿಗೆ; ಅವರನ್ನು ಕಳಿಸಲು ಹಣ ಕೂಡಿಸಿದ ಈ ಮಹನೀಯರು ಹುಟ್ಟಿದ್ದು ನಮ್ಮ ಚಿಕ್ಕಮಗಳೂರಿನಲ್ಲಿ. ಹಾಗಾದರೆ ಕಮ್ಮಿ ಒಯ್ದದ್ದೇ ತಪ್ಪಾಯಿತಲ್ಲ? ಹೌದು, ಆ ಒಂದು ವಿಷಯದಲ್ಲಿ ತಪ್ಪಾಯಿತು. ದಪ್ಪ ಉಣ್ಣೆಯ ಕೋಟು ಸೂಜಿಯ ಜಾತಿಗೆ ಸೇರಿದ್ದು. ಸ್ವಾಮಿ ದಯಾನಂದ ಸರಸ್ವತಿಯವರು 1986ರಲ್ಲಿ ಆರಂಭಿಸಿದ ಆರ್ಷ ವಿದ್ಯಾ ಗುರುಕುಲ ಇರುವುದು ಪೆನ್ಸಿಲ್ವೇನಿಯಾದ ಸೇಲರ್ಸ್‌ಬರ್ಗಿನಲ್ಲಿ. ಚಳಿಗಾಲದಲ್ಲಿ ಹಿಮ ಬೀಳುವ ಊರು; ಆಟಿ ಮಳೆಗೆ ಸಾಕಾಗುವ ಸ್ವೆಟರ್ ಅಲ್ಲಿ ಸಾಲದು. ಬಿಪಿ, ಸಕ್ಕರೆಯ ಮಾತ್ರೆಗಳೂ ಹಾಗೆಯೇ: ಅಂಗಡಿಯಿಂದ ಬಂದ ಮೂಲ ಪೊಟ್ಟಣದಲ್ಲೇ, ವೈದ್ಯರ ಚೀಟಿಯೊಡನೆ ಇರಲಿ. ಅಮೆರಿಕದಲ್ಲಿ ಸ್ವಂತ ಬಳಕೆಗೆ ಸಾಮಾನ್ಯವಾಗಿ ಒಪ್ಪುವ ಪ್ರಮಾಣ 90 ದಿನಗಳದು. ಕನ್ನಡಕದ ಇನ್ನೊಂದು ಜೊತೆ ಇರಲಿ. ಕಾಗದಪತ್ರವೂ ಸೂಜಿಯೇ. ಕುಶಾಲನಗರದಾಚೆ, ಕಾವೇರಿ ದಾಟಿದರೆ ಸಿಗುವ ಬೈಲುಕುಪ್ಪೆಯಲ್ಲಿ 1963ರಲ್ಲಿ ಶುರುವಾದ ನಾಮ್‌ಡ್ರೋಲಿಂಗ್ ವಿಹಾರವಿದೆ. ಆ ಟಿಬೆಟನ್ ನೆಲೆಯಲ್ಲಿ ರಾತ್ರಿ ಉಳಿಯಲು ಹೊರದೇಶದವರಿಗೆ ಪ್ರೊಟೆಕ್ಟೆಡ್ ಏರಿಯಾ ಪರ್ಮಿಟ್ ಬೇಕು. ಅವರ ಬೆನ್ನಚೀಲದಲ್ಲಿ ಏನಿದ್ದರೂ ಆ ಒಂದು ಹಾಳೆ ಇಲ್ಲದಿದ್ದರೆ ನಡೆಯದು. ಬೆಕ್ಕಿನ ಜಾತಿಯವು ಗಡಿಯಲ್ಲೇ ತಮ್ಮ ಗುಣ ತೋರಿಸುವುದೂ ಉಂಟು: ಪ್ರೀತಿಯಿಂದ ಕಟ್ಟಿಕೊಂಡ ಕೊಡಗಿನ ಜೇನನ್ನು ನ್ಯೂಜಿಲೆಂಡಿನೊಳಗೆ ಬಿಡುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ಬೆಕ್ಕಿಗೆ ತೂಕವೇ ಇಲ್ಲ. ತೋಟದ ಕ್ಯಾಮೆರಾಗಳನ್ನೆಲ್ಲ ಮೊಬೈಲಿನಲ್ಲಿ ತೋರಿಸುವ ಆ್ಯಪ್ ಅದು. ಕುಯ್ಲು ಮುಗಿಯಿತೆಂದರೆ ಹೂಮಳೆಯ ಚಿಂತೆ. ಮಳೆ ತಡವಾದರೆ ಸ್ಪ್ರಿಂಕ್ಲರ್, ಡೀಸೆಲ್, ಕೆರೆಯ ನೀರು. ಆನೆ ಬಂತೇ, ಕಾರ್ಮಿಕರಿಗೆ ವಾರದ ಕೂಲಿ ಬಟವಾಡೆಯಾಯಿತೇ? ತೋಟ ಬಿಟ್ಟು ಹೋಗುವವನ ಈ ಕಳವಳವನ್ನು ಹಗುರವಾಗಿ ಕಾಣಲು ನನ್ನಿಂದ ಆಗದು. ಹೊಟ್ಟೆಗೆ ಹಾಕುವುದು ತೋಟವೇ. ಆದರೆ ಅಮ್ಮತ್ತಿಯ ಹಗಲು ಸೇಲರ್ಸ್‌ಬರ್ಗಿನ ರಾತ್ರಿ. ಕ್ಯಾಮೆರಾ ನೋಡುತ್ತ ಕೂತವನು ತೋಟದಲ್ಲೂ ಇಲ್ಲ, ಆಶ್ರಮದಲ್ಲೂ ಇಲ್ಲ, ನಿದ್ದೆಯಲ್ಲಂತೂ ಇಲ್ಲವೇ ಇಲ್ಲ. ಅಣ್ಣತಮ್ಮಂದಿರಲ್ಲೋ ನೆರೆಯ ತೋಟದವರಲ್ಲೋ ಒಬ್ಬರಿಗೆ ಹೊಣೆ ಒಪ್ಪಿಸಿ, ವಾರಕ್ಕೊಂದು ಫೋನು ಎಂದು ಗೊತ್ತು ಮಾಡಿಕೊಂಡರೆ ಅದು ಸೂಜಿಯ ಕೆಲಸ ಮಾಡುತ್ತದೆ. ಒಪ್ಪಿಸಲು ಯಾರೂ ಇಲ್ಲದಿದ್ದರೆ ಪ್ರಯಾಣವನ್ನೇ ಒಂದು ವರ್ಷ ಮುಂದೂಡುವುದು ಮೇಲು.

ಕಾಫಿಯನ್ನು ಬಿಡಿ ಎಂದು ನಾನು ಹೇಳುತ್ತಿಲ್ಲ. ಹುರಿದ ಪುಡಿ ಒಂದು ಕೆಜಿ ಇರಲಿ, ಫಿಲ್ಟರ್, ಕೆಟಲ್ ಮನೆಯಲ್ಲೇ ಉಳಿಯಲಿ. ತಲುಪಿದ ದಿನವೇ ಪೊಟ್ಟಣವನ್ನು ಆಶ್ರಮದ ಅಡುಗೆಮನೆಯವರ ಕೈಗೆ ಕೊಟ್ಟುಬಿಟ್ಟರೆ ಮರುದಿನ ಬೆಳಿಗ್ಗೆ ಎಲ್ಲರ ಲೋಟದಲ್ಲೂ ಅಮ್ಮತ್ತಿಯ ಕಾಫಿ ಇರುತ್ತದೆ.