ಆರು ತಂತಿಯ ಮೇಲೆ ಸರಳೆ ವರಸೆ

ಸರೋಜಿನಿ ನಗರ ಎಂದರೆ ದೆಹಲಿಯವರಿಗೆ ಅಗ್ಗದ ಬಟ್ಟೆಯ ಬಜಾರು. ವಿನಾಯಕ ಮಂದಿರಕ್ಕೆ ನಡೆದುಕೊಳ್ಳುವ ನಮ್ಮಂಥ ದಕ್ಷಿಣದವರಿಗೆ ಅದು ಸರ್ಕಾರಿ ಕ್ವಾರ್ಟರ್ಸಿನ ಊರು. ವಿನಯ ನಗರ ಎಂಬ ಹಳೆಯ ಹೆಸರು ಇನ್ನೂ ಕೆಲವು ಹಿರಿಯರ ಬಾಯಲ್ಲಿದೆ. ಆ ಕ್ವಾರ್ಟರ್ಸುಗಳನ್ನು ಕೆಡವಿ ಎತ್ತರದ ಕಟ್ಟಡ ಏಳಿಸುತ್ತಿದ್ದಾರೆ. ಸಂಜೆಯ ಹೊತ್ತು ಮನೆಗಳಿಂದ ಶ್ರುತಿಪೆಟ್ಟಿಗೆ ಕೇಳಿಸುವುದು ಅಪರೂಪ. ಗಿಟಾರ್ ಮಾತ್ರ ಎಲ್ಲಿ ಬೇಕಾದರೂ ಕೇಳುತ್ತದೆ.

ಪಕ್ಕದ ಮನೆಯ ಹುಡುಗನಿಗೂ ಒಂದು ಬಂತು. ಮೇಷ್ಟರು ಕೊಟ್ಟ ಪಾಠ ಒಂದೇ: ಪ್ರತಿ ತಂತಿಯ ಮೇಲೂ ನಾಲ್ಕು ಬೆರಳನ್ನು ಒಂದು, ಎರಡು, ಮೂರು, ನಾಲ್ಕು ಎಂದು ಮೆಟ್ಟಿನಿಂದ ಮೆಟ್ಟಿಗೆ ನಡೆಸುವುದು. ಹುಡುಗನಿಗೆ ಬೇಕಿದ್ದದ್ದು ಹಾಡು. ಜಿ, ಸಿ, ಡಿ, ಇ ಮೈನರ್ ಎಂಬ ನಾಲ್ಕು ಕಾರ್ಡ್ ಸಾಕು, ಎಷ್ಟೋ ಸಿನಿಮಾ ಹಾಡು ನುಡಿಸಬಹುದು ಎಂದು ಗೆಳೆಯರು ಹೇಳಿದ್ದರು. ಗೆಳೆಯರು ಹೇಳಿದ್ದು ಸುಳ್ಳಲ್ಲ. ಆದರೆ ಹಾಡನ್ನಷ್ಟೇ ಕಲಿಯುವವನು ಎಫ್ ಕಾರ್ಡ್ ಬಂದಲ್ಲಿ ಎಡವುತ್ತಾನೆ, ಮತ್ತೆ ಪಲ್ಲವಿಯಿಂದ ಶುರುಮಾಡುತ್ತಾನೆ. ಹೀಗಾಗಿ ಬರುವ ಭಾಗವೇ ಇನ್ನಷ್ಟು ಚೆನ್ನಾಗಿ ಬರುತ್ತದೆ, ಬಾರದ್ದು ಬಾರದೆಯೇ ಉಳಿಯುತ್ತದೆ. ಬರೀ ಕಸರತ್ತು ಮಾಡುವವನ ಬೆರಳು ಓಡುತ್ತದೆ, ಕಿವಿ ನಿದ್ದೆಹೋಗುತ್ತದೆ.

ನನಗೆ ಬೆರಗಾಗುವುದು ಇಲ್ಲೇ. ಕಸರತ್ತೋ ಹಾಡೋ ಎಂಬ ಈ ಜಗಳವನ್ನು ಕನ್ನಡದ ದಾಸರೊಬ್ಬರು ಎಂದೋ ಬಗೆಹರಿಸಿಟ್ಟಿದ್ದಾರೆ. ಕರ್ನಾಟಕ ಸಂಗೀತದ ಮೊದಲ ಪಾಠಗಳಾದ ಸರಳೆ, ಜಂಟಿ, ಅಲಂಕಾರ, ಆಮೇಲೆ ಪಿಳ್ಳಾರಿ ಗೀತೆ: ಈ ಕ್ರಮ ಪುರಂದರದಾಸರದು (1484–1564) ಎಂದು ಸಂಪ್ರದಾಯ ನಂಬಿಕೊಂಡು ಬಂದಿದೆ. ಸರಳೆಗೆ ಮಾಯಾಮಾಳವಗೌಳ ರಾಗ, ಗೀತೆಗೆ ಅದರ ಜನ್ಯವಾದ ಮಲಹರಿ.

ವೀಣೆಯಂತೆ ಗಿಟಾರಿನಲ್ಲೂ ಸ್ಥಾಯಿಗೆ 12 ಮೆಟ್ಟು. ದಪ್ಪ ತಂತಿಯ ತೆರೆದ ನಾದವನ್ನು ಷಡ್ಜವೆಂದುಕೊಳ್ಳಿ. ಮಾಯಾಮಾಳವಗೌಳ ಸಿಗುವುದು 0, 1, 4, 5 ಮತ್ತು 7, 8, 11, 12ನೇ ಜಾಗಗಳಲ್ಲಿ. ಸರಿಗಮ ಎಂಬ ಅರ್ಧ ಹೇಗೋ ಪದನಿಸ ಎಂಬ ಅರ್ಧವೂ ಹಾಗೇ, ಅಳತೆಯಲ್ಲಿ ಕೂದಲೆಳೆ ವ್ಯತ್ಯಾಸವಿಲ್ಲ. ಸ-ರಿ ನಡುವೆ ಒಂದೇ ಮೆಟ್ಟು, ರಿ-ಗ ನಡುವೆ ಮೂರು. ತೋರುಬೆರಳು ಒಂದರಲ್ಲಿದ್ದರೆ ಕಿರುಬೆರಳು ನಾಲ್ಕಕ್ಕೆ ಚಾಚಲೇಬೇಕು. ಮೇಷ್ಟರ ಒಂದು-ಎರಡು-ಮೂರು-ನಾಲ್ಕು ಸಾಧಿಸಲು ಹೊರಟದ್ದೂ ಇದನ್ನೇ. ಇಲ್ಲಿ ಜೊತೆಗೆ ರಾಗವೂ ಇದೆ. ಮಧ್ಯಮಕ್ಕೆ ಬಂದಾಗ ಪಕ್ಕದ ತಂತಿಯನ್ನು ತೆರೆದು ಮೀಟಿ, ಅದೇ ಸ್ವರ! ಗಿಟಾರಿನ ತಂತಿಗಳು ಒಂದು ಕಡೆ ಬಿಟ್ಟರೆ ಎಲ್ಲೆಡೆ ಮಧ್ಯಮದ ಅಂತರದಲ್ಲೇ ಇರುತ್ತವೆ.

ಇನ್ನು ಮಲಹರಿ. ನಿಷಾದ ಪೂರ್ತಿ ಇಲ್ಲ, ಗಾಂಧಾರ ಇಳಿಯುವಾಗ ಮಾತ್ರ. ಏರುತ್ತ 0, 1, 5, 7, 8, 12. ಇಳಿಯುತ್ತ 12, 8, 7, 5, 4, 1, 0. ಹೊಸ ಜಾಗ ಒಂದೂ ಇಲ್ಲ. ಗೀತೆಯದು ಸಂಗತಿಗಳ ಕಾಟವಿಲ್ಲದ ನೇರ ನಡೆ. ಮೊದಲು ಸ್ವರ ಹಾಡಿ, ಅದೇ ಧಾಟಿಗೆ ಸಾಹಿತ್ಯ ಹಾಡುವುದು ರೂಢಿ. ಸಾಹಿತ್ಯ ಬಂದ ಕೂಡಲೇ ಮಗು ತಾನು ಹಾಡಿಗೆ ಬಂದೆನೆಂದು ಕುಣಿಯುತ್ತದೆ. ಬೆರಳಿಗೆ ಮಾತ್ರ ಊರು ಬದಲಾಗಿಲ್ಲ. ಕಸರತ್ತು ಯಾವ ಗಳಿಗೆಯಲ್ಲಿ ಸಂಗೀತವಾಯಿತು? ಎಷ್ಟು ಯೋಚಿಸಿದರೂ ಆ ಗೆರೆ ನನ್ನ ಕೈಗೆ ಸಿಕ್ಕಿಲ್ಲ.

ಪಶ್ಚಿಮದವರೂ ಈ ಗೆರೆಯ ಮೇಲೆ ಆಡಿದವರೇ. ಗಿಟಾರ್ ವಾದಕ ಮೌರೋ ಜೂಲಿಯಾನಿ 1812ರಲ್ಲಿ ಬಲಗೈಗೆಂದು 120 ಅಭ್ಯಾಸ ಬರೆದ. ಎಡಗೈಗೆ ಎಲ್ಲದರಲ್ಲೂ ಎರಡೇ ಕಾರ್ಡ್. ಅದನ್ನು ಕಚೇರಿಯಲ್ಲಿ ಯಾರೂ ಕೇಳಲಾರರು. ಬ್ರೆಜಿಲ್‌ನ ಸಂಗೀತಕಾರ ವಿಲಾ-ಲೋಬೋಸ್ 1920ರ ದಶಕದಲ್ಲಿ ಬರೆದ 12 ಎಟ್ಯೂಡ್‌ಗಳೂ ಹೆಸರಿಗೆ ಅಭ್ಯಾಸಗಳೇ. ಮೊದಲನೆಯದರಲ್ಲಿ ಬಲಗೈ ಬಹುಪಾಲು ಒಂದೇ ವರಸೆಯನ್ನು ತಿರುಗಿಸುತ್ತದೆ, ಆದರೂ ಅದು ವೇದಿಕೆಯ ಕೃತಿ. ಅಲ್ಲಿ ಹೀಗೆ ಅಭ್ಯಾಸವೇ ಸಂಗೀತವಾಗುವುದು ಪಳಗಿದವರ ಪಾಲಿನದು. ನಮ್ಮಲ್ಲಿ ಏಳೆಂಟು ವರ್ಷದ ಮಗುವಿನ ಪಾಲಿಗೇ ದಕ್ಕಿದೆ. ಈ ವಿಷಯದಲ್ಲಿ ದಾಸರ ಕೈಯೇ ಮೇಲು ಎನ್ನಲು ನನಗೇನೂ ಅಳುಕಿಲ್ಲ.

ನಿಮ್ಮ ಮನೆಯ ಮೂಲೆಯಲ್ಲೂ ಗಿಟಾರ್ ಒಂದು ಒರಗಿಕೊಂಡಿದ್ದರೆ, ಮಗುವಿಗೆ ಈ ಎಂಟು ಜಾಗ ತೋರಿಸಿ. ಮೂರು ಕಾಲದಲ್ಲೂ ಕೈ ಕೂತ ಮೇಲೆ ಒಂದು ಪಿಳ್ಳಾರಿ ಗೀತೆ ಹೇಳಿಕೊಡಿ. ನಿಮಗೆ ಬಾರದಿದ್ದರೆ ಅಜ್ಜಿಗೆ ಫೋನ್ ಮಾಡಿ, ಅವರಿಗೆ ಬಂದೇ ಬರುತ್ತದೆ.