ತೆಂಗಿನಗರಿಯ ಕಾವಲು

ಒಂದು ಮರದ ಗೂಟ, ಅದರ ತುದಿಗೆ ಸುತ್ತಿ ಕಟ್ಟಿದ ಎಳೆಯ ತೆಂಗಿನಗರಿ. ಇಂಡೊನೇಷ್ಯಾದ ಮಲುಕು ಪ್ರಾಂತ್ಯದಲ್ಲಿ, ಅಂಬೋನ್ ದ್ವೀಪದ ಪೂರ್ವಕ್ಕೆ ಹರುಕು ಎಂಬ ಪುಟ್ಟ ದ್ವೀಪವಿದೆ. ಅಲ್ಲಿ ಅದೇ ಹೆಸರಿನ ಒಂದು ಹಳ್ಳಿಯೂ ಇದೆ. ಆ ಊರಿನ ಲೆಯಾರಿಸಾ ಕಾಯೆಲಿ ಹೊಳೆ ಕಡಲು ಸೇರುವಲ್ಲಿ ಈ ಗೂಟ ನೆಟ್ಟರೆಂದರೆ ಮುಗಿಯಿತು, ಮುಂದೆ ತಿಂಗಳುಗಟ್ಟಲೆ ಅಲ್ಲಿನ ಮೀನನ್ನು ಯಾರೂ ಮುಟ್ಟುವಂತಿಲ್ಲ. ಬೇಲಿಯಿಲ್ಲ, ಬೀಗವಿಲ್ಲ, ಬಂದೂಕು ಹಿಡಿದವರಿಲ್ಲ. ಗಾಳಿಗೆ ಅಲುಗುವ, ಬಿಸಿಲಿಗೆ ದಿನದಿನಕ್ಕೂ ಬಾಡುವ ಒಂದು ಗರಿ ಇಡೀ ಊರಿನ ಆಸ್ತಿಯನ್ನು ಕಾಯುತ್ತದೆ. ಮುಟ್ಟಬೇಡ ಎಂದು ಹೇಳುವ ಶಕ್ತಿ ಒಂದು ಗರಿಗೆ ಬಂದದ್ದಾದರೂ ಎಲ್ಲಿಂದ?

ಮೀನಿನ ಹೆಸರು ಲೋಂಪ. ನಮ್ಮ ಕರಾವಳಿಯ ಬೂತಾಯಿಯನ್ನು ನೆನಪಿಸುವ, ಬೆಳ್ಳಿಬಣ್ಣದ ಸಣ್ಣ ಮೀನು. ಏಪ್ರಿಲ್, ಮೇ ತಿಂಗಳಲ್ಲಿ ಇದರ ಮರಿಗಳು ಹರುಕುವಿನ ದಡದ ಬಳಿ ಹಿಂಡುಹಿಂಡಾಗಿ ಕಾಣಿಸಿಕೊಳ್ಳುತ್ತವೆ. ಒಂದೆರಡು ತಿಂಗಳು ಕಳೆದರೆ ಅಳಿವೆಯನ್ನು ಹುಡುಕಿಕೊಂಡು ಹೊಳೆಯೊಳಗೆ ಬರುತ್ತವೆ. ಆಮೇಲೆ ಹಗಲೆಲ್ಲ ಹೊಳೆಯಲ್ಲಿ ತಂಗುತ್ತವೆ, ರಾತ್ರಿ ಮೇವಿಗೆಂದು ಕಡಲಿಗೆ ಹೋಗುತ್ತವೆ, ನಸುಕಿನಲ್ಲಿ ಮತ್ತೆ ಒಳಗೆ ಬರುತ್ತವೆ. ಊರಿನ ಊಟವೇ ಹೀಗೆ ದಿನವೂ ಊರಿನ ಕಣ್ಣೆದುರು ಹೋಗಿ ಬರುತ್ತಿರುತ್ತದೆ. ಬಲೆ ಇರುವ ಕೈ, ಹಸಿವಿರುವ ಹೊಟ್ಟೆ ಎರಡೂ ದಡದಲ್ಲೇ ಇವೆ. ಆದರೂ ಯಾರೂ ಬಲೆ ಬೀಸುವುದಿಲ್ಲ.

ಈ ಕಟ್ಟುಪಾಡಿಗೆ ಸಾಸಿ ಎನ್ನುತ್ತಾರೆ. ಮಲುಕುವಿನ ಎಷ್ಟೋ ಊರುಗಳಲ್ಲಿ ಸಾಸಿ ಉಂಟು, ತೆಂಗಿನಕಾಯಿಗೂ ಉಂಟು, ಕಡಲಿನ ಚಿಪ್ಪಿಗೂ ಉಂಟು. ಹರುಕುವಿನಲ್ಲಿ ಕಾಡಿಗೊಂದು, ಹೊಳೆಗೊಂದು, ಕಡಲಿಗೊಂದು, ಊರೊಳಗಿನ ನಡವಳಿಕೆಗೊಂದು ಸಾಸಿ ಇದೆ. ಲೋಂಪ ಮೀನಿನ ಸಾಸಿ ಜಾರಿಯಾದ ಮೇಲೆ ಮೋಟಾರು ದೋಣಿಗಳು ಎಂಜಿನ್ ಆರಿಸಿಕೊಂಡೇ ಹೊಳೆಯೊಳಗೆ ಬರಬೇಕು. ಅಡುಗೆಮನೆಯ ಪಾತ್ರೆಗಳನ್ನು ಹೊಳೆಯಲ್ಲಿ ತೊಳೆಯುವಂತಿಲ್ಲ. ಕಸ ಹಾಕುವುದಿದ್ದರೆ ದಡದಿಂದ ಸುಮಾರು 4 ಮೀಟರ್ ಆಚೆ, ಗೊತ್ತುಮಾಡಿದ ಜಾಗದಲ್ಲಿ. ಗಾಳದ ಎರೆಗೆ ಒಂದೆರಡು ಲೋಂಪ ಬೇಕಾಯಿತೆನ್ನಿ, ಗಾಳದಿಂದಲೇ ಹಿಡಿಯಬೇಕು, ಅದೂ ಹೊಳೆಯ ಹೊರಗೆ. ಈ ಕೊನೆಯ ನಿಯಮ ನನಗೆ ಬಹಳ ಹಿಡಿಸಿತು. ಗಾಳ ಹಾಕಿ ಬದುಕುವವನ ಕಷ್ಟವನ್ನು ಬಲ್ಲವರು ಮಾಡಿದ ನಿಯಮ ಅದು, ಅವನಿಗೂ ಒಂದು ದಾರಿ ಬಿಟ್ಟಿದೆ.

ತಪ್ಪಿ ನಡೆದ ದೊಡ್ಡವರಿಗೆ ದಂಡ. ಮಕ್ಕಳಿಗೆ ಬೆತ್ತದಿಂದ ಐದು ಏಟು. ಊರಿನಲ್ಲಿ ಐದು ದೊಡ್ಡ ಕುಲಗಳಿವೆ, ಆ ಐದರ ಹೊಣೆಯನ್ನೂ ನೀನು ಹೊರಬೇಕಪ್ಪ ಎಂದು ಮಗುವಿಗೆ ನೆನಪಿಸುವ ಲೆಕ್ಕ ಅದು. ಮಕ್ಕಳಿಗೆ ಹೊಡೆಯುವುದನ್ನು ನಾನು ಒಪ್ಪಲಾರೆ. ಆದರೆ ಒಂದು ಮೀನಿನ ವಿಷಯದಲ್ಲಿ ಇಡೀ ಊರು ತನ್ನನ್ನು ನೆಚ್ಚಿದೆ ಎಂಬ ಅರಿವು ಅಷ್ಟು ಚಿಕ್ಕ ವಯಸ್ಸಿಗೇ ಬರುತ್ತದಲ್ಲ, ಅದರ ತೂಕ ನನಗೆ ಅರ್ಥವಾಗುತ್ತದೆ.

ಸಾಸಿಯನ್ನು ನಡೆಸುವವರು ಕೆವಾಂಗ್ ಎಂಬ ಕಾವಲುಗಾರರ ಬಳಗ. ಪ್ರತಿ ಶುಕ್ರವಾರ ರಾತ್ರಿ ಸಭೆ ಸೇರುತ್ತಾರೆ. ಸಾಸಿಯ ಆಣೆ ಮಾಡುವ ದಿನ ರಾತ್ರಿ ಎಂಟರ ಹೊತ್ತಿಗೆ ಒಣಗಿದ ತೆಂಗಿನಗರಿ ಹಿಡಿದು ಮುಖ್ಯಸ್ಥನ ಮನೆಯಲ್ಲಿ ಕೂಡುತ್ತಾರೆ, ಪ್ರಾರ್ಥನೆ ಮಾಡುತ್ತಾರೆ, ಬೆಂಕಿ ಹೊತ್ತಿಸಿಕೊಂಡು ಕೆವಾಂಗ್ ಬಂಡೆಯವರೆಗೆ ನಡೆಯುತ್ತಾರೆ. ಅಲ್ಲಿ ತಿಫಾ ಎಂಬ ಚರ್ಮವಾದ್ಯ ಐದು ಕುಲಗಳ ಹೆಸರಿನಲ್ಲಿ ಮೊಳಗುತ್ತದೆ. ಅದರ ಸದ್ದು ಅಡಗುತ್ತಿದ್ದಂತೆ ಎಲ್ಲರೂ ಒಕ್ಕೊರಲಿನಿಂದ ಆಣೆಯ ಕೂಗು ಹಾಕುತ್ತಾರೆ. ವರ್ಷಕ್ಕೆ ಮೂರು ಸಲ ಹೀಗೆ ನಡೆಯುತ್ತದೆ.

ಐದರಿಂದ ಏಳು ತಿಂಗಳು ಕಳೆದು ಮೀನು ಬಲಿತ ಮೇಲೆ ಸಾಸಿ ತೆಗೆಯುವ ದಿನ ಗೊತ್ತಾಗುತ್ತದೆ. ಆ ರಾತ್ರಿ ಮೂರು ಗಂಟೆಗೆ ಕೆವಾಂಗ್‌ನವರು ಒಟ್ಟಿಗೆ ಉಂಡು, ಅಳಿವೆಯಲ್ಲಿ ಬೆಂಕಿ ಹಾಕುತ್ತಾರೆ. ಬೆಳಕು ಕಂಡ ಮೀನು ಉಬ್ಬರದ ನೀರಿನೊಂದಿಗೆ ಒಳಗೆ ನುಗ್ಗುತ್ತದೆ. ಹೊರಗೆ ಹೋಗದಂತೆ ಅಳಿವೆಗೆ ಅಡ್ಡ ಕಟ್ಟುತ್ತಾರೆ. ನೀರು ಇಳಿಯತೊಡಗಿದಾಗ ಮೊದಲ ತಿಫಾ: ಎಲ್ಲರೂ ಸಿದ್ಧರಾಗಿ. ಎರಡನೆಯದು: ಹೊಳೆಗೆ ಹೊರಡಿ. ಮೂರನೆಯದು ಮೊಳಗುವಾಗ ಊರಿನ ಮುಖಂಡ ಹೊಳೆಯತ್ತ ಬರುತ್ತಿರುತ್ತಾನೆ. ಅಲ್ಲಿ ಅವನನ್ನು ರಾಜ ಎಂದೇ ಕರೆಯುತ್ತಾರೆ. ಮೊದಲ ಬಲೆ ಅವನದು, ಆಮೇಲೆ ಚರ್ಚಿನ ಪಾದ್ರಿಯದು, ಆಮೇಲೆ ಮುದುಕರು ಮಕ್ಕಳೆನ್ನದೆ ಊರಿಗೆ ಊರೇ ನೀರಿಗಿಳಿಯುತ್ತದೆ. 1984ರಲ್ಲಿ ಅಂಬೋನ್‌ನ ಪಟ್ಟಿಮುರಾ ವಿಶ್ವವಿದ್ಯಾಲಯದವರು ಬಂದು ಅಳೆದಾಗ ಸಿಕ್ಕಿದ್ದ ಮೀನು ಸುಮಾರು 35 ಟನ್. ಮರುವರ್ಷ, 1985ರಲ್ಲಿ, ಹರುಕುವಿನ ಕೆವಾಂಗ್‌ಗೆ ಇಂಡೊನೇಷ್ಯಾ ಸರ್ಕಾರದ ಪರಿಸರ ಪ್ರಶಸ್ತಿಯಾದ ಕಲ್ಪತರು ಬಂತು. ಒಂದೆರಡು ದಿನ ಮೀನು ಹಿಡಿಯುವ ಸಂಭ್ರಮ ನಡೆಯುತ್ತದೆ, ಆಮೇಲೆ ಮತ್ತೆ ಸಾಸಿ.

ಬೇಲಿಯೇ ಎದ್ದು ಹೊಲ ಮೇಯ್ದರೆ ಗತಿಯೇನು ಎಂದು ಕೇಳುವವರು ನಾವು. ಹರುಕುವಿನಲ್ಲಿ ಹೊಲ ಮೇಯಬಲ್ಲವರೆಲ್ಲ ಕೂಡಿ ಬೇಲಿಯಾಗಿ ನಿಂತಿದ್ದಾರೆ. ಕದಿಯಬಲ್ಲವನೇ ಕಾಯುತ್ತಾನೆ, ಏಕೆಂದರೆ ಪಕ್ಕದ ಮನೆಯವನೂ ಹಾಗೆಯೇ ಕಾಯುತ್ತಿದ್ದಾನೆಂದು ಅವನಿಗೆ ಗೊತ್ತು. ಆ ಮೀನು ಯಾರದು ಎಂದು ಕೇಳಿದರೆ ಪಹಣಿಯಲ್ಲಿ ಹೆಸರು ಹುಡುಕುವ ನಮಗೆ ಉತ್ತರ ಸಿಗದು. ಇಂದು ಅದು ಯಾರದೂ ಅಲ್ಲ, ತಿಫಾ ಮೊಳಗಿದ ದಿನ ಎಲ್ಲರದು. ಕಾದವರಿಗೆ ಪಾಲುಂಟು, ಕಾಯುವುದೇ ಅಲ್ಲಿ ಹಕ್ಕುಪತ್ರ.

ಆಸ್ತಿ ಕಾಯುವ ಬೇರೊಂದು ಬಗೆಯನ್ನೂ ಈ ದ್ವೀಪ ಕಂಡಿದೆ. ನಮ್ಮ ಅಡುಗೆಮನೆಯ ಲವಂಗದ ತವರು ಮಲುಕು. 17ನೇ ಶತಮಾನದಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿ ಲವಂಗವೆಲ್ಲ ತನ್ನದೇ ಆಗಬೇಕೆಂದು ಬೆಳೆಯನ್ನು ಅಂಬೋನ್, ಹರುಕು ಮತ್ತು ಅಕ್ಕಪಕ್ಕದ ಕೆಲವೇ ದ್ವೀಪಗಳಿಗೆ ಕಟ್ಟಿಹಾಕಿತು. ಉಳಿದ ಕಡೆಗೆ ಪಡೆಗಟ್ಟಿಕೊಂಡು ದೋಣಿಗಳಲ್ಲಿ ಹೋಗಿ ಮರಗಳನ್ನು ಕಡಿಸಿತು. ಬೆಲೆ ಇಳಿಯದಿರಲೆಂದು ಬೆಳೆಯನ್ನೇ ಅಳಿಸುವುದು ಅದರ ಕಾವಲು. ಹರುಕುವಿನಲ್ಲಿ ಅದು ಕಟ್ಟಿದ್ದ ಕೋಟೆ ಇಂದು ಕಡಲಂಚಿನ ಪಾಳುಗೋಡೆ.

ಕಾವಲಿನ ಮಾತು ಬಂದಾಗ ದ್ವೀಪದ ಇನ್ನೊಂದು ಊರು ಕೈಲೋಲೋವನ್ನೂ ನೆನೆಯಬೇಕು. ಅದು ಮುಸ್ಲಿಮರ ಊರು, ಹರುಕು ಹಳ್ಳಿ ಕ್ರೈಸ್ತರದು. ಕೈಲೋಲೋದ ಮರಳುದಡಕ್ಕೆ ರಾತ್ರಿಯ ಹೊತ್ತು ಅಲ್ಲಿನವರು ಮಲೆಯೊ ಎನ್ನುವ ಹಕ್ಕಿಗಳು ಬರುತ್ತವೆ, ಕೆಲವು ಸೆರಾಂ ದ್ವೀಪದಿಂದ ಕಡಲು ದಾಟಿ. ಮರಳಲ್ಲಿ ಆಳವಾಗಿ ಗುಂಡಿ ತೋಡಿ, ಮೈಗೆ ಮೀರಿದ ದೊಡ್ಡ ಮೊಟ್ಟೆಯಿಟ್ಟು, ಮುಚ್ಚಿ ಹೋದ ತಾಯಿ ಮತ್ತೆ ತಿರುಗಿ ನೋಡುವುದಿಲ್ಲ. ಕಾವು ಕೊಡುವುದು ಬಿಸಿಲು ಕುಡಿದ ಮರಳು. ಮರಿ ತಾನೇ ಮರಳು ಬಗೆದು ಮೇಲೆ ಬಂದು, ತಾನೇ ಹಾರಿಹೋಗುತ್ತದೆ. ಮೊಟ್ಟೆ ತೆಗೆಯುವ ಹಕ್ಕನ್ನು ಊರು ವರ್ಷವರ್ಷ ಗುತ್ತಿಗೆಗೆ ಕೊಡುತ್ತದೆ. ಇತ್ತ ಹರುಕುವಿನಲ್ಲಿ, ಬಹುಕಾಲ ಕೆವಾಂಗ್ ಮುಖ್ಯಸ್ಥರಾಗಿದ್ದ ಎಲಿಜಾ ಕಿಸ್ಸ್ಯಾ ಅವರು ಈ ಹಕ್ಕಿಯ ಮೊಟ್ಟೆಗಳನ್ನು ಮರಿಮಾಡಿಸಿ ಬಿಡುವ ಕೆಲಸ ಹಚ್ಚಿಕೊಂಡರು.

ಇಷ್ಟೆಲ್ಲ ಹೇಳಿ ಇದೊಂದು ಸ್ವರ್ಗ ಎಂದು ಮುಗಿಸಿದರೆ ಆ ದ್ವೀಪದವರ ನೋವಿಗೆ ಬೆನ್ನು ಹಾಕಿದಂತೆ. 1999ರಲ್ಲಿ ಮಲುಕುವಿನಲ್ಲಿ ಕ್ರೈಸ್ತರು ಮುಸ್ಲಿಮರ ನಡುವೆ ಗಲಭೆ ಹೊತ್ತಿಕೊಂಡಾಗ ಇದೇ ದ್ವೀಪದ ಕರಿಯೂ ಎಂಬ ಊರು ಸುಟ್ಟುಹೋಯಿತು. ಊರು ಬಿಟ್ಟು ಓಡಿದವರು ಮರಳಿ ಬಂದು ಮನೆ ಕಟ್ಟಿಕೊಂಡದ್ದು 2005ರಲ್ಲಿ. 2022ರ ಜನವರಿಯಲ್ಲಿ ಜಮೀನಿನ ಗಡಿಯ ತಕರಾರು ಬೆಳೆದು ಮತ್ತೆ ಅವೇ ಮನೆಗಳಿಗೆ ಬೆಂಕಿ ಬಿತ್ತು, ಮತ್ತೆ ಜನ ಓಡಿದರು. ಒಂದು ಮೀನನ್ನು ಏಳು ತಿಂಗಳು ಕಾಯಬಲ್ಲ ದ್ವೀಪದಲ್ಲೇ, ಕೆಲವು ಕಿಲೋಮೀಟರ್ ಆಚೆ, ಮನುಷ್ಯರಿಗೆ ತಲೆಯ ಮೇಲೊಂದು ಸೂರು ಉಳಿಯಲಿಲ್ಲ.

ಈ ಎರಡು ಸಂಗತಿಗಳನ್ನು ಒಟ್ಟಿಗೆ ಇಟ್ಟು ನೋಡಿದಾಗಲೇ ನನ್ನ ಬೆರಗು ಪೂರ್ಣವಾಗುವುದು. ಆ ಜನ ಹುಟ್ಟಾ ಸಾಧುಗಳಾಗಿದ್ದರೆ ಅದರಲ್ಲಿ ಅಚ್ಚರಿಯೇನಿತ್ತು? ಅವರೂ ಸಿಟ್ಟು, ಆಸೆ, ಹಳೆಯ ಹಗೆ ಎಲ್ಲ ಇರುವವರು. ನಂಬಿಕೆ ಎಷ್ಟು ಬೇಗ ಸುಟ್ಟುಹೋಗುತ್ತದೆಂದು ಕಂಡವರು. ಅದಕ್ಕೇ ವರ್ಷಕ್ಕೆ ಮೂರು ಸಲ ಬೆಂಕಿ ಹೊತ್ತಿಸಿ, ಐದು ಕುಲಗಳನ್ನೂ ನೆನೆದು, ಕೂಗಿ ಆಣೆ ಮಾಡುತ್ತಾರೆ. ಒಮ್ಮೆ ಬರೆಸಿ ಪೆಟ್ಟಿಗೆಯಲ್ಲಿಟ್ಟರೆ ತಲೆತಲಾಂತರ ಉಳಿಯುವ ಆಸ್ತಿಯಲ್ಲ ಪರಸ್ಪರ ನಂಬಿಕೆ. ಪ್ರತಿ ತಲೆಮಾರೂ, ಪ್ರತಿ ವರ್ಷವೂ ಅದನ್ನು ಹೊಸದಾಗಿ ಗಳಿಸಬೇಕು.

ಯೋಚಿಸಿದರೆ ಎಲ್ಲ ಕಡೆಯೂ ಮನುಷ್ಯನ ಪ್ರಾಣ, ಆಸ್ತಿಪಾಸ್ತಿ ಉಳಿದಿರುವುದು ಬಹುಪಾಲು ಇತರರು ಮಾಡದೆ ಬಿಟ್ಟ ಕೆಲಸಗಳಿಂದಲೇ. ಕೈಗೆ ಸಿಕ್ಕಿದ್ದನ್ನು ಎತ್ತಿಕೊಳ್ಳದೆ ಹೋದವನು, ಕೈ ಎತ್ತಬಹುದಾಗಿದ್ದಾಗ ಎತ್ತದೆ ನಿಂತವನು, ಇವರ ಹೆಸರು ಯಾವ ಕಡತದಲ್ಲೂ ಇಲ್ಲ. ಬೀಗ ಮುರಿದ ಸುದ್ದಿ ಪತ್ರಿಕೆಗೆ ಬರುತ್ತದೆ, ಮುರಿಯದ ಸಾವಿರ ಬೀಗಗಳ ಸುದ್ದಿ ಬರುವುದಿಲ್ಲ. ನಾವು ನೆಮ್ಮದಿಯಿಂದ ಮಲಗಿದ ಪ್ರತಿ ರಾತ್ರಿಯೂ ಹೀಗೆ ಕಾಣದ ಜನರ ಸಂಯಮದ ಸಾಲ. ಹರುಕುವಿನವರು ಆ ಸಾಲವನ್ನು ಕಣ್ಣಿಗೆ ಕಾಣುವಂತೆ ಗೂಟಕ್ಕೆ ಕಟ್ಟಿ ನಿಲ್ಲಿಸಿದ್ದಾರೆ. ಅದನ್ನು ತೀರಿಸುವ ದಾರಿ ಒಂದೇ: ನಮ್ಮ ಕೈಗೆ ಎಟಕುವ, ನಮ್ಮದಲ್ಲದ ಎಲ್ಲದರ ಮುಂದೆ ನಾವೂ ಹಾಗೆಯೇ ಕಾಯುವುದು.